ಗ್ಲಾಸಿನೊಳಗಿನ ನೀರಿನ ಲೆಕ್ಕ

ಏಷ್ಯಾದ 50 ಅತ್ಯುತ್ತಮ ಬಾರ್‌ಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಬಂದಾಗಲೆಲ್ಲ ಕಲಬುರಗಿಯ ನನ್ನ ಗೆಳೆಯರು ಒಂದೇ ಪ್ರಶ್ನೆ ಎತ್ತುತ್ತಾರೆ. ನಮ್ಮ ಬಾರ್ ಆ್ಯಂಡ್ ರೆಸ್ಟೋರೆಂಟಿನಲ್ಲಿ ಒಂದು ನೈಂಟಿಗೆ ಕೊಡುವುದೆಷ್ಟು, ಅಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಗ್ಲಾಸಿಗೆ ಸಾವಿರ ರೂಪಾಯಿಯ ಆಸುಪಾಸು ತೆರುವುದೇಕೆ? ಅದರಲ್ಲಿ ಅಂಥದ್ದೇನಿರುತ್ತದೆ? ನಾನು ಹೇಳುವ ಉತ್ತರ ಅವರಿಗೆ ಅರ್ಧ ಮಾತಿನಂತೆ ಕೇಳುತ್ತದೆ: ನೀರು ಇರುತ್ತದೆ. ಕಾಲು ಭಾಗಕ್ಕಿಂತ ಹೆಚ್ಚೇ ಇರುತ್ತದೆ. ಆ ನೀರು ಎಷ್ಟಿರಬೇಕು, ಯಾವಾಗ ಸೇರಬೇಕು, ಎಷ್ಟು ತಂಪಿನೊಂದಿಗೆ ಸೇರಬೇಕು ಎಂಬುದನ್ನು ಅರಿತವರು ಅಲ್ಲಿ ಕೆಲಸ ಮಾಡುತ್ತಾರೆ. ಈ ಮಾತಿನ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪದವಿ ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿದವನು. ಅಕ್ಕನ ಮಗ ಬೆಂಗಳೂರಿನ ಒಂದು ಕಾಕ್‌ಟೇಲ್ ಬಾರಿನಲ್ಲಿ ಬಾರ್‌ಟೆಂಡರ್. ಒಂದು ಮೇ ತಿಂಗಳಲ್ಲಿ ಅವನು ಊರಿಗೆ ಬಂದಿದ್ದಾಗ ಖಾಜಾ ಬಂದೇ ನವಾಜ್ ದರ್ಗಾದ ರಸ್ತೆಯಲ್ಲಿ ಇಬ್ಬರೂ ಶರಬತ್ತಿನ ಬಂಡಿಯ ಮುಂದೆ ನಿಂತೆವು. ಬಂಡಿಯವರು ಗೋಣಿತಟ್ಟು ಸರಿಸಿ, ಭತ್ತದ ಹೊಟ್ಟು ತೊಳೆದು, ದಬ್ಬಣದಿಂದ ಬರ್ಫದ ಗಡ್ಡೆಯನ್ನು ಒಡೆದರು. ಚೂರುಗಳನ್ನು ಜಾಲರಿ ಸೌಟಿನಲ್ಲಿ ಎತ್ತಿ, ಎರಡು ಸಲ ಜಾಡಿಸಿ, ಆಮೇಲೆ ಗ್ಲಾಸಿಗೆ ಹಾಕಿದರು. ಹುಡುಗ ನನ್ನ ಕೈ ಹಿಡಿದು, “ಮಾಮಾ, ಆ ಜಾಡಿಸುವುದನ್ನು ನೋಡಿರಿ. ನಮಗೆ ಮೊದಲ ವಾರ ಕಲಿಸಿದ್ದು ಅದನ್ನೇ” ಎಂದ. ಬರ್ಫಕ್ಕೆ ಅಂಟಿಕೊಂಡ ನೀರು ಅಷ್ಟಾಗಿ ತಂಪನ್ನು ಕೊಡುವುದಿಲ್ಲ, ರುಚಿಯನ್ನು ತೆಳುವಾಗಿಸುತ್ತದೆ. ಬಂಡಿಯವರಿಗೆ ಇದನ್ನು ಯಾವ ಶಾಲೆಯೂ ಹೇಳಿಕೊಟ್ಟಿರಲಾರದು. ಬಿಸಿಲೂರಿನಲ್ಲಿ ತಂಪು ಮಾರುವವರಿಗೆ ಕೈಯೇ ಕಲಿಸುತ್ತದೆ.

ಕಾಕ್‌ಟೇಲ್ ಎಂದರೆ ಹಲವು ಮದ್ಯಗಳ ಕಲಬೆರಕೆ ಎಂಬ ತಿಳಿವಳಿಕೆ ನಮ್ಮಲ್ಲಿದೆ. ಆ ಪದಕ್ಕೆ ಅಚ್ಚಿನಲ್ಲಿ ಸಿಗುವ ಹಳೆಯ ಸ್ಪಷ್ಟ ವ್ಯಾಖ್ಯೆ 1806ರ ಮೇ ತಿಂಗಳಿನದು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗರ ಪ್ರಶ್ನೆಗೆ ಉತ್ತರಿಸುತ್ತಾ ನಾಲ್ಕು ಪದಾರ್ಥಗಳನ್ನು ಹೆಸರಿಸಿತು: ಯಾವುದಾದರೂ ಒಂದು ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂಬ ಕಹಿ ಸಾರ. ಒಂದೇ ಬಗೆಯ ಮದ್ಯ ಸಾಕು, ನೀರು ಮಾತ್ರ ಇರಲೇಬೇಕು. ಇನ್ನೂರು ವರ್ಷ ದಾಟಿದರೂ ಈ ಚೌಕಟ್ಟು ಕದಲಿಲ್ಲ. ಆಗ ನೀರನ್ನು ಚಮಚದಿಂದ ಹಾಕುತ್ತಿದ್ದರು, ಇಂದು ಅದು ಬರ್ಫದ ರೂಪದಲ್ಲಿ ಒಳಸೇರುತ್ತದೆ.

ಈ ವಿದ್ಯೆಗೂ ನಮ್ಮ ಶರಬತ್ತಿಗೂ ನಂಟಿದೆ. ಅರಬ್ಬಿಯಲ್ಲಿ ಕುಡಿಯುವುದು ಎಂಬ ಅರ್ಥದ ಶ-ರ-ಬ ಎಂಬ ಧಾತುವಿನಿಂದ ಶರಬತ್ತೂ ಬಂದಿತು, ಶರಾಬೂ ಬಂದಿತು. ಇಂಗ್ಲಿಷಿನ ಸಿರಪ್ ಕೂಡ ಅದರದೇ ಕುಡಿ. ಕಾಕ್‌ಟೇಲಿಗಿಂತ ಹಳೆಯದಾದ ಪಂಚ್ ಎಂಬ ಪಾನೀಯದ ಹೆಸರು ಈಸ್ಟ್ ಇಂಡಿಯಾ ಕಂಪನಿಯವರ 1632ರ ಪತ್ರವೊಂದರಲ್ಲಿ ಸಿಗುತ್ತದೆ. ಮದ್ಯ, ನಿಂಬೆ, ಸಕ್ಕರೆ, ನೀರು, ಮಸಾಲೆ ಎಂಬ ಐದು ಪದಾರ್ಥಗಳಿಂದಾಗಿ ನಮ್ಮ ‘ಪಾಂಚ್’ ಎಂಬ ಪದವೇ ಅದಕ್ಕೆ ಹೆಸರಾಯಿತು ಎಂದು ಹೇಳುವುದುಂಟು. ಹೆಸರಿನ ಕಥೆ ಏನೇ ಇರಲಿ, ಹುಳಿ, ಸಿಹಿ, ನೀರು, ತಂಪು ಎಂಬ ನಾಲ್ಕು ಕಾಲುಗಳ ಮೇಲೆ ನಿಲ್ಲಿಸುವ ಕ್ರಮ ಈ ವಿದ್ಯೆಯಲ್ಲೂ ಶರಬತ್ತಿನಲ್ಲೂ ಒಂದೇ.

ಈಗ ಬರ್ಫದ ಕಡೆಗೆ ಬರೋಣ. ನನಗೆ ಈ ವಿಷಯದಲ್ಲಿ ಬಹಳ ಪ್ರೀತಿಯ ಭಾಗವಿದು.

ಪ್ರೌಢಶಾಲೆಯ ವಿಜ್ಞಾನದಲ್ಲಿ ಗುಪ್ತೋಷ್ಣ ಎಂಬ ಪಾಠವಿರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮರೆಯುತ್ತಾರೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಂಪಾಗಿಸಲು ಅದರಿಂದ ಒಂದು ಕ್ಯಾಲೊರಿ ಶಾಖ ತೆಗೆಯಬೇಕು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಬರ್ಫ ಸೊನ್ನೆ ಡಿಗ್ರಿಯಲ್ಲೇ ಇದ್ದು ಬರೀ ನೀರಾಗಲು 80 ಕ್ಯಾಲೊರಿ ಹೀರುತ್ತದೆ. ಫ್ರೀಜರಿನಿಂದ ಮೈನಸ್ 18 ಡಿಗ್ರಿಯ ಬರ್ಫ ತಂದರೆ, ಅದು ಸೊನ್ನೆಗೆ ಏರುವವರೆಗೆ ಹೀರುವುದು ಗ್ರಾಮಿಗೆ 9 ಕ್ಯಾಲೊರಿ ಮಾತ್ರ. ಅಂದರೆ ಬರ್ಫ ತಂಪು ಕೊಡುವುದು ತಾನು ತಣ್ಣಗಿರುವುದರಿಂದ ಅಷ್ಟಾಗಿ ಅಲ್ಲ, ಕರಗುವುದರಿಂದ. ಕರಗದೆ ತಂಪು ಹುಟ್ಟುವುದಿಲ್ಲ, ಕರಗಿದರೆ ನೀರು ಸೇರದೆ ಇರುವುದಿಲ್ಲ. ತಂಪು ಬೇಕು, ನೀರು ಬೇಡ ಎನ್ನುವವರಿಗಾಗಿ ಫ್ರೀಜರಿನಲ್ಲಿಟ್ಟು ಬಳಸುವ ಕಲ್ಲಿನ ತುಂಡುಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ನಮ್ಮ ಶಹಾಬಾದ್ ಕಲ್ಲನ್ನೇ ತುಂಡು ಮಾಡಿ ಮೈನಸ್ 18ಕ್ಕೆ ಇಟ್ಟರೂ ಅದು ಸೊನ್ನೆಗೆ ಬರುವಷ್ಟರಲ್ಲಿ ಗ್ರಾಮಿಗೆ ನಾಲ್ಕು ಕ್ಯಾಲೊರಿಯಷ್ಟೂ ಹೀರಲಾರದು. ಬರ್ಫದ 89ರ ಮುಂದೆ ಅದು ಯಾವ ಲೆಕ್ಕ?

ಮ್ಯಾನ್‌ಹಟನ್ ಎಂಬ ಹಳೆಯ ಕಾಕ್‌ಟೇಲನ್ನೇ ತೆಗೆದುಕೊಳ್ಳಿ. 60 ಮಿಲಿಲೀಟರ್ ವಿಸ್ಕಿ, 30 ಮಿಲಿಲೀಟರ್ ವರ್ಮೂತ್ ಎಂಬ ಮಸಾಲೆಯುಕ್ತ ವೈನ್, ಎರಡು ಹನಿ ಬಿಟರ್ಸ್. ಒಟ್ಟು 90. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿದ್ದ ಬಾಟಲಿಯಿಂದ ಸುರಿದು, ಬರ್ಫದೊಂದಿಗೆ ಕದಡಿ ಮೈನಸ್ 5ಕ್ಕೆ ಇಳಿಸಬೇಕು. ಮದ್ಯವನ್ನು ನೀರಿನಂತೆಯೇ ಎಣಿಸಿ ಸ್ಥೂಲವಾಗಿ ಲೆಕ್ಕ ಹಾಕಿದರೆ ಸುಮಾರು 35 ಗ್ರಾಂ ಬರ್ಫ ಕರಗುತ್ತದೆ. 90 ಇದ್ದದ್ದು 125 ಆಗುತ್ತದೆ. ಕರಗಿದ ನೀರೇ ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಇದನ್ನು ಮದ್ಯಕ್ಕೆ ನೀರು ಬೆರೆಸಿ ಮೋಸ ಮಾಡುವುದು ಎಂದು ಯಾರೂ ತಿಳಿಯಬಾರದು. ಆ ನೀರಿಲ್ಲದ ಮ್ಯಾನ್‌ಹಟನ್ ಗಂಟಲು ಸುಡುತ್ತದೆ, ನಾಲಗೆಗೆ ಅಂಟಂಟಾಗಿ ಹತ್ತುತ್ತದೆ.

ಸುಡುತ್ತದೆ ಎಂಬುದು ಬರೀ ಮಾತಿನ ಅಲಂಕಾರವೂ ಅಲ್ಲ. ಮೆಣಸಿನಕಾಯಿಯ ಖಾರ ಮತ್ತು ನಿಜವಾದ ಬಿಸಿ, ಎರಡನ್ನೂ ಗುರುತಿಸುವ ಒಂದೇ ಸಂವೇದಕ ನಮ್ಮ ಬಾಯಿಯ ನರತುದಿಗಳಲ್ಲಿದೆ. ಸಾಮಾನ್ಯವಾಗಿ ಅದು 42 ಡಿಗ್ರಿಯ ಸುಮಾರಿಗೆ ಎಚ್ಚರವಾಗುತ್ತದೆ. ಆಲ್ಕೊಹಾಲ್ ಆ ಮಿತಿಯನ್ನು 34ರ ಸುಮಾರಿಗೆ ಇಳಿಸುತ್ತದೆ, ಹಾಗಾಗಿ ನಮ್ಮ ಬಾಯಿಯ ಸ್ವಂತ ಬೆಚ್ಚಗೇ ಉರಿಯಾಗಿ ತೋರುತ್ತದೆ. ನೀರು ಸೇರಿದಂತೆ ಉರಿ ತಗ್ಗುತ್ತದೆ, ಅದರ ಹಿಂದೆ ಅಡಗಿದ್ದ ಪರಿಮಳಗಳಿಗೆ ಜಾಗ ಸಿಗುತ್ತದೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಯಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ವಿಸ್ಕಿಗೆ ಹೊಗೆಯ ವಾಸನೆ ಕೊಡುವ ಗ್ವಾಯಾಕಾಲ್ ಎಂಬ ಅಣು ಗಾಢ ಮದ್ಯದಲ್ಲಿ ಒಳಗೇ ಹುದುಗಿರುತ್ತದೆ. ಮದ್ಯದ ಪ್ರಮಾಣ ಶೇ 45 ಮತ್ತು ಅದಕ್ಕಿಂತ ಕೆಳಗೆ ಇಳಿದಾಗ ಅದು ದ್ರವದ ಮೇಲ್ಮೈಗೆ ಬಂದು ಮೂಗಿಗೆ ಹತ್ತಿರವಾಗುತ್ತದೆ.

ಸೊನ್ನೆ ಡಿಗ್ರಿಯ ಬರ್ಫ ಪಾನೀಯವನ್ನು ಮೈನಸ್ 5ಕ್ಕೆ ಹೇಗೆ ಇಳಿಸಿತು ಎಂದು ತರಗತಿಯಲ್ಲಾದರೆ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳುತ್ತಿದ್ದ. ಉತ್ತರ ಕುಲ್ಫಿಯವರ ಮಡಿಕೆಯಲ್ಲಿದೆ. ಅವರು ಬರ್ಫದ ಚೂರಿಗೆ ಹರಳುಪ್ಪು ಬೆರೆಸುತ್ತಾರೆ. ಉಪ್ಪು ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಕೆಳಗೆ ತಳ್ಳುತ್ತದೆ. ಬರ್ಫ ಸೊನ್ನೆಗಿಂತ ಕೆಳಗೂ ಕರಗುತ್ತಲೇ ಹೋಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನ ಹಾಲಿನಿಂದ ಕಸಿಯುತ್ತದೆ. ಉಪ್ಪು ಮತ್ತು ಬರ್ಫ ಸರಿಯಾದ ಅಳತೆಯಲ್ಲಿ ಬೆರೆತರೆ ಮೈನಸ್ 21ರವರೆಗೂ ಇಳಿಯಬಲ್ಲವು. ಕಾಕ್‌ಟೇಲಿನಲ್ಲಿ ಉಪ್ಪಿನ ಕೆಲಸವನ್ನು ಆಲ್ಕೊಹಾಲ್ ಮಾಡುತ್ತದೆ.

ಬಾರ್‌ಟೆಂಡರ್ ಕೆಲವನ್ನು ಉದ್ದನೆಯ ಚಮಚದಿಂದ ನಿಧಾನವಾಗಿ ಕದಡುವುದು, ಕೆಲವನ್ನು ಶೇಕರಿಗೆ ಹಾಕಿ ಕುಲುಕುವುದು ಪ್ರದರ್ಶನಕ್ಕಾಗಿ ಎಂದು ತೋರಬಹುದು. ಬರೀ ಮದ್ಯಗಳಿರುವ ಪಾನೀಯ ತಿಳಿಯಾಗಿ, ರೇಷ್ಮೆಯಂತೆ ಭಾರವಾಗಿ ಇರಬೇಕು. ಅದಕ್ಕೆ ಗಾಳಿ ಸೇರಬಾರದು, ಆದ್ದರಿಂದ ಕದಡುತ್ತಾರೆ. ನಿಂಬೆರಸ, ಮೊಟ್ಟೆಯ ಬಿಳಿ ಇರುವುದಕ್ಕೆ ಗಾಳಿಯ ಸಣ್ಣ ಗುಳ್ಳೆಗಳು ಬೇಕು, ನೊರೆಯ ಹಗುರ ಬೇಕು. ಅದನ್ನು ಕುಲುಕುತ್ತಾರೆ. ಕುಲುಕಿದಾಗ ಹತ್ತು ಹದಿನೈದು ಸೆಕೆಂಡಿನಲ್ಲೇ ತಂಪು ಕೊನೆಯ ಮಟ್ಟ ಮುಟ್ಟುತ್ತದೆ, ನೀರೂ ಹೆಚ್ಚು ಸೇರುತ್ತದೆ. ಕದಡುವಾಗ ಅದರ ಎರಡು ಮೂರು ಪಟ್ಟು ಸಮಯ ಬೇಕು. ಅಕ್ಕನ ಮಗ ಶೇಕರಿನ ಸದ್ದು ಕೇಳಿಯೇ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಾನೆ. ಮೊದಲು ಗಟ್ಟಿ ಸದ್ದು, ಬರ್ಫದ ಮೂಲೆಗಳು ಸವೆದಂತೆ ಮೆತ್ತನೆಯ ಸದ್ದು. ಒಗ್ಗರಣೆಯ ಸಾಸಿವೆಯ ಸದ್ದಿಗೆ ಕಿವಿಗೊಟ್ಟು ಉರಿ ಇಳಿಸುವ ನಮ್ಮ ಅಕ್ಕನ ಮಗನೇ ಅವನು ಎಂದು ನನಗೆ ಆಗ ಅನ್ನಿಸಿತು.

ಗ್ಲಾಸಿನಲ್ಲಿ ಇಡುವ ಬರ್ಫದ ಕೆಲಸ ಬೇರೆ. ಅದು ಈಗಾಗಲೇ ತಂಪಾದ ಪಾನೀಯವನ್ನು ಕಾಯಬೇಕು, ಆದಷ್ಟು ಕಡಿಮೆ ಕರಗಬೇಕು. ಇಲ್ಲಿ ದೊಡ್ಡ ಒಂಟಿ ಘನ ಗೆಲ್ಲುತ್ತದೆ. ಐದು ಸೆಂಟಿಮೀಟರ್ ಬದಿಯ ಒಂದು ಘನದ ಮೇಲ್ಮೈ 150 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಸೆಂಟಿಮೀಟರಿನ 125 ತುಂಡು ಮಾಡಿದರೆ ಬರ್ಫದ ತೂಕ ಅಷ್ಟೇ, ಮೇಲ್ಮೈ ಮಾತ್ರ 750. ಐದು ಪಟ್ಟು ಹೆಚ್ಚು ಮೈಯಿಂದ ಅದು ಶಾಖ ಹೀರಿ ಕರಗುತ್ತದೆ. ಶರಬತ್ತನ್ನು ಎರಡು ನಿಮಿಷದಲ್ಲಿ ಕುಡಿದು ಮುಗಿಸುವವರಿಗೆ ಚೂರು ಬರ್ಫವೇ ಸರಿ. ಅರ್ಧ ಗಂಟೆ ಕೂತು ಗುಟುಕರಿಸುವವರಿಗೆ ಗಟ್ಟಿ ಘನ ಬೇಕು.

ಆ ಘನ ಗಾಜಿನಂತೆ ತಿಳಿಯಾಗಿರುವುದೇಕೆ? ನಮ್ಮ ಬರ್ಫದ ಕಾರ್ಖಾನೆಗಳಲ್ಲಿ ತಗಡಿನ ಡಬ್ಬಿಗಳಿಗೆ ನೀರು ತುಂಬಿ ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ತಂಪು ಸುತ್ತಲಿಂದ ಒಳಗೆ ಬರುತ್ತದೆ. ನೀರು ಹೆಪ್ಪುಗಟ್ಟುವಾಗ ತನ್ನಲ್ಲಿ ಕರಗಿದ ಗಾಳಿಯನ್ನೂ ಲವಣಗಳನ್ನೂ ಆಚೆಗೆ ತಳ್ಳುತ್ತದೆ. ಎಲ್ಲ ಕಡೆಯಿಂದ ಅಟ್ಟಿಸಿಕೊಂಡು ಬಂದ ಗಾಳಿಗೆ ಕೊನೆಗೆ ಉಳಿಯುವುದು ನಡುಭಾಗ ಮಾತ್ರ. ಗಡ್ಡೆಯ ನಡುವೆ ಕಾಣುವ ಬಿಳಿ ಮಬ್ಬು ಅದೇ. ಸುಣ್ಣದಂಶ ಹೆಚ್ಚಿರುವ ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಅದು ಇನ್ನೂ ದಟ್ಟ. ಚಳಿದೇಶದ ಕೆರೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ತಂಪು ಮೇಲಿನಿಂದ ಮಾತ್ರ ಇಳಿಯುತ್ತದೆ, ಗಾಳಿ ಕೆಳಗಿನ ನೀರಿಗೆ ಸರಿದುಹೋಗುತ್ತದೆ, ಮೇಲಿನ ಬರ್ಫ ಸ್ಫಟಿಕದಂತೆ ಉಳಿಯುತ್ತದೆ. ಪ್ರತಿಮೆ ಕೆತ್ತುವವರಿಗಾಗಿ ಬಂದ ಕ್ಲೈನ್‌ಬೆಲ್ ಎಂಬ ಯಂತ್ರ ಇದನ್ನು ತಲೆಕೆಳಗು ಮಾಡಿ, ಕೆಳಗಿನಿಂದ ತಂಪು ಕೊಟ್ಟು ಮೇಲೆ ನೀರನ್ನು ಅಲುಗಾಡಿಸುತ್ತಾ ಸುಮಾರು 136 ಕಿಲೋ ತೂಕದ ತಿಳಿ ಗಡ್ಡೆಯನ್ನು ಕೆಲವು ದಿನಗಳಲ್ಲಿ ಕಟ್ಟುತ್ತದೆ. ಕ್ಯಾಂಪರ್ ಇಂಗ್ಲಿಷ್ ಎಂಬ ಅಮೆರಿಕದ ಲೇಖಕ 2009ರಲ್ಲಿ ಇದನ್ನು ಮನೆಗೆ ತಂದರು. ಪಿಕ್ನಿಕ್ಕಿಗೆ ಒಯ್ಯುವ ಶಾಖನಿರೋಧಕ ಪೆಟ್ಟಿಗೆಯಲ್ಲಿ ನೀರು ತುಂಬಿ, ಮುಚ್ಚಳ ತೆರೆದು ಫ್ರೀಜರಿನಲ್ಲಿಟ್ಟರು, ಕೆರೆಯಂತೆ ತಂಪು ಮೇಲಿನಿಂದ ಮಾತ್ರ ಇಳಿಯಿತು, ಅಷ್ಟೇ. ತಿಳಿ ಬರ್ಫದಲ್ಲಿ ಗಾಳಿಯ ಸೀಳುಗಳಿಲ್ಲದಿರುವುದರಿಂದ ಅದು ಚೂರಾಗದೆ ನಿಲ್ಲುತ್ತದೆ, ಬೇಕಾದ ಆಕಾರಕ್ಕೆ ಕುಯ್ಯಲು ಒಪ್ಪುತ್ತದೆ.

ಅಮೆರಿಕದ ಕೆರೆಯ ಬರ್ಫ ಒಮ್ಮೆ ನಮ್ಮ ದೇಶಕ್ಕೂ ಬಂದಿತ್ತು. ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ಬಾಸ್ಟನ್ನಿನಿಂದ ಹಡಗಿನಲ್ಲಿ ಸುಮಾರು 180 ಟನ್ ಬರ್ಫ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣದ ನಂತರವೂ ನೂರು ಟನ್ನಿನಷ್ಟು ಉಳಿದಿತ್ತು. ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಎಲ್ಲಿದೆ? ಮದ್ರಾಸಿನ ಕಡಲ ದಂಡೆಯಲ್ಲಿ ಆ ಬರ್ಫ ಕೂಡಿಡಲು ಕಟ್ಟಿದ ಮನೆಯೇ ಇಂದಿನ ವಿವೇಕಾನಂದ ಭವನ. ಇದೇ ಬರ್ಫದ ವ್ಯಾಪಾರ ಅಮೆರಿಕದ ಬಾರ್‌ಗಳನ್ನೂ ರೂಪಿಸಿತು. ಜೆರ್ರಿ ಥಾಮಸ್ ಎಂಬ ಬಾರ್‌ಟೆಂಡರ್ 1862ರಲ್ಲಿ ಮಿಶ್ರಪಾನೀಯಗಳ ಕೈಪಿಡಿ ಅಚ್ಚು ಹಾಕಿಸುವ ವೇಳೆಗೆ ಅಲ್ಲಿ ಇದೊಂದು ಗೌರವದ ಕಸುಬಾಗಿತ್ತು.

1920ರಿಂದ 1933ರವರೆಗಿನ ಪಾನನಿಷೇಧ ಆ ಕಸುಬಿನ ಬೆನ್ನು ಮುರಿಯಿತು. ಬಲ್ಲವರು ದೇಶ ಬಿಟ್ಟರು. ಹ್ಯಾರಿ ಕ್ರಾಡಕ್ ಲಂಡನ್ನಿನ ಸವಾಯ್ ಹೋಟೆಲು ಸೇರಿದ್ದು ಹಾಗೆ. ನಿಷೇಧ ಹೋದ ಮೇಲೂ ಹಳೆಯ ಕೈ ಮರಳಲಿಲ್ಲ. ನಿಂಬೆಯ ಬದಲು ಪುಡಿ, ಪಾಕದ ಬದಲು ಬಾಟಲಿಯ ಸಿದ್ಧ ದ್ರವ, ಯಂತ್ರದಿಂದ ಉದುರುವ ಟೊಳ್ಳು ಬರ್ಫ ಬಂದವು. 1987ರಲ್ಲಿ ನ್ಯೂಯಾರ್ಕಿನ ರೇನ್‌ಬೋ ರೂಮಿನಲ್ಲಿ ಡೇಲ್ ಡಿಗ್ರಾಫ್ ಹಣ್ಣು ಹಿಂಡಿಯೇ ಮಾಡಬೇಕೆಂದು ಹಟ ಹಿಡಿದದ್ದು ತಿರುವು. ಆದರೆ ಇಂದು ನಾವು ಕ್ರಾಫ್ಟ್, ಅಂದರೆ ಕೈಕುಶಲತೆಯ, ಕಾಕ್‌ಟೇಲ್ ಬಾರ್ ಎಂದು ಕರೆಯುವುದರ ಅಚ್ಚು ಬಿದ್ದದ್ದು ಅದೇ ನಗರದ ಎಲ್ಡ್ರಿಜ್ ಬೀದಿಯಲ್ಲಿ. 1999ರ ಕೊನೆಯ ದಿನ ಸಾಶಾ ಪೆಟ್ರಾಸ್ಕೆ ಎಂಬ ತರುಣ ಮಿಲ್ಕ್ ಆ್ಯಂಡ್ ಹನಿ ಎಂಬ ಪುಟ್ಟ ಬಾರ್ ತೆರೆದರು. ಹೊರಗೆ ಫಲಕವಿಲ್ಲ. ಫೋನ್ ಮಾಡಿ ಬರಬೇಕು. ಗದ್ದಲ ಮಾಡಬಾರದು, ಹೆಂಗಸರಿಗೆ ತೊಂದರೆ ಕೊಡಬಾರದು ಎಂಬ ನಿಯಮಗಳಿದ್ದವು. ಅಂದಾಜಿನ ಕೈ ಬಿಟ್ಟು ಜಿಗ್ಗರ್ ಎಂಬ ಅಳತೆ ಬಟ್ಟಲಿನಲ್ಲೇ ಅಳೆಯಬೇಕಿತ್ತು. ಬರ್ಫವನ್ನು ತಾವೇ ತಟ್ಟೆಗಳಲ್ಲಿ ಕಟ್ಟಿ, ದೊಡ್ಡ ತುಂಡುಗಳಾಗಿ ಕೈಯಿಂದ ಒಡೆಯುತ್ತಿದ್ದರು. ಪೆಟ್ರಾಸ್ಕೆ 2015ರಲ್ಲಿ ತೀರಿಕೊಂಡರು. ಅವರ ಬಳಿ ಕಲಿತ ಸ್ಯಾಮ್ ರಾಸ್ ಮತ್ತು ಮೈಕೆಲ್ ಮೆಕ್‌ಇಲ್‌ರಾಯ್ ಅದೇ ಜಾಗದಲ್ಲಿ ಅಟಾಬಾಯ್ ಎಂಬ ಬಾರ್ ನಡೆಸಿದರು. ಅಲ್ಲಿ ಪಾನೀಯಗಳ ಪಟ್ಟಿಯೇ ಇಲ್ಲ. ಹುಳಿ ಬೇಕೋ ಕಹಿ ಬೇಕೋ ಎಂದು ಕೇಳಿ ಮಾಡಿಕೊಡುತ್ತಾರೆ. ಮಿಲ್ಕ್ ಆ್ಯಂಡ್ ಹನಿಯಲ್ಲಿದ್ದಾಗ ರಾಸ್ 2005ರಲ್ಲಿ ಸ್ಕಾಚ್, ನಿಂಬೆ, ಜೇನು, ಶುಂಠಿ ಸೇರಿಸಿ ಒಂದು ಪಾನೀಯ ಮಾಡಿ ಅದಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟರು. ನೆಗಡಿಗೆ ಶುಂಠಿ, ಜೇನು, ನಿಂಬೆ ಕೊಡುವ ಅಜ್ಜಿಯರಿರುವ ನಮಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬರ್ಫವನ್ನು ಚಾಕುವಿನಿಂದ ಕೆತ್ತಿ ಚೆಂಡು ಮಾಡುವುದು, ಶೇಕರಿನ ಒಳಗೆ ಬರ್ಫ ಹೇಗೆ ಉರುಳಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಜಪಾನಿನ ಕೊಡುಗೆ. ಟೋಕಿಯೊದ ಗಿಂಜಾದಲ್ಲಿ ಟೆಂಡರ್ ಬಾರ್ ನಡೆಸಿದ ಕಜುವೊ ಉಯೆದಾ ಅವರ ಕುಲುಕುವ ಕ್ರಮಕ್ಕೆ ಲೋಕದೆಲ್ಲೆಡೆ ಶಿಷ್ಯರಿದ್ದಾರೆ.

ನಮ್ಮ ದೇಶದಲ್ಲಿ ಈ ಅಲೆ ಗಟ್ಟಿಯಾದದ್ದು ಹಿಂದಿನ ದಶಕದಲ್ಲಿ. 2017ರಿಂದ ಭಾರತದಲ್ಲೇ ತಯಾರಾದ ಒಳ್ಳೆಯ ಜಿನ್‌ಗಳು ಬಂದವು. 2018ರಲ್ಲಿ ದೆಹಲಿಯಲ್ಲಿ ಯಾಂಗ್ಡುಪ್ ಲಾಮಾ ಮತ್ತು ಮೀನಾಕ್ಷಿ ಸಿಂಗ್ ಸೈಡ್‌ಕಾರ್ ತೆರೆದರು. ಬೆಂಗಳೂರಿನಲ್ಲಿ ಫೋರ್ ಸೀಸನ್ಸ್ ಹೋಟೆಲಿನ ಎತ್ತರದ ಮಹಡಿಯಲ್ಲಿರುವ ಕೊಪಿತಾಸ್, ಲೀಲಾ ಪ್ಯಾಲೇಸಿನಲ್ಲಿ ಕ್ಯೋಟೊ ನಗರದ ಛಾಯೆಯಲ್ಲಿ ಕಟ್ಟಿದ ಜೆಡ್‌ಎಲ್‌ಬಿ 23, ಸೋಕಾ, ಬಾರ್ ಸ್ಪಿರಿಟ್ ಫಾರ್ವರ್ಡ್ ಇವೆಲ್ಲ ಹೆಸರಾದವು. ಕೊನೆಯದರ ಹೆಸರೇ ಒಂದು ಪಾಠ. ಮದ್ಯವೇ ಮುಂದಿರುವ, ರಸ ಸೇರದ, ಕದಡಿ ಮಾಡುವ ಪಾನೀಯಗಳ ವರ್ಗಕ್ಕೆ ಈ ಕಸುಬಿನವರು ಸ್ಪಿರಿಟ್ ಫಾರ್ವರ್ಡ್ ಎನ್ನುತ್ತಾರೆ. ಅಲ್ಲಿ ನೀರಿನ ತಪ್ಪನ್ನು ಮುಚ್ಚಲು ಹಣ್ಣಿನ ರಸ ಇರುವುದಿಲ್ಲ. ಹೊಸ ಬಾರ್ ಒಂದರ ಕೈ ಪರೀಕ್ಷಿಸಬೇಕಾದರೆ ಅದರ ಅಬ್ಬರದ ಪಾನೀಯ ಬಿಟ್ಟು, ಕದಡಿ ಮಾಡಿದ ಒಂದನ್ನು ಕೇಳಿರೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈ ಬಾರ್‌ಗಳ ಪಾನೀಯಪಟ್ಟಿಯಲ್ಲಿ ಕಾಣುವ ಕೆಲವು ಮಾತುಗಳು ಒಗಟಿನಂತಿರುತ್ತವೆ, ಬಿಡಿಸಿದರೆ ನಮ್ಮ ಅಡುಗೆಮನೆಯವೇ. ಹಾಲಿನಿಂದ ತಿಳಿಗೊಳಿಸಿದ ಪಂಚ್ ಎಂದರೆ ನಿಂಬೆ ಬೆರೆತ ಮದ್ಯವನ್ನು ಹಾಲಿಗೆ ಸುರಿದು ಹಾಲು ಒಡೆಸುವುದು. ಒಡೆದ ಹಾಲಿನ ಗಿಣ್ಣು ಕಹಿ ಒಗರುಗಳನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕೆಳಗೆ ಇಳಿಯುವುದು ತಿಳಿಯಾದ, ನುಣುಪಾದ ದ್ರವ. ತುಪ್ಪದಲ್ಲಿ ತೊಳೆದ ವಿಸ್ಕಿ ಎಂದರೆ ಕರಗಿದ ತುಪ್ಪವನ್ನು ವಿಸ್ಕಿಗೆ ಬೆರೆಸಿಟ್ಟು, ಫ್ರೀಜರಿನಲ್ಲಿ ಗಟ್ಟಿಯಾದ ಜಿಡ್ಡನ್ನು ಎತ್ತಿ ತೆಗೆಯುವುದು. ಜಿಡ್ಡು ಹೋಗುತ್ತದೆ, ಪರಿಮಳ ಉಳಿಯುತ್ತದೆ. ಬಿಟರ್ಸ್ ಎಂದರೆ ಬೇರು, ತೊಗಟೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿದ ಗಾಢ ಸಾರ. 1824ರಲ್ಲಿ ವೆನೆಜುವೆಲಾದ ಅಂಗೊಸ್ತುರಾ ಪಟ್ಟಣದಲ್ಲಿ ಜರ್ಮನ್ ವೈದ್ಯ ಸೀಗರ್ಟ್ ಔಷಧಿಯಾಗಿ ಮಾಡಿದ್ದು ಇಂದಿಗೂ ಎಲ್ಲ ಬಾರ್‌ಗಳಲ್ಲಿದೆ. ತೊಗರಿಬೇಳೆಯ ಒಗ್ಗರಣೆಗೆ ಇಂಗು ಬಿದ್ದಂತೆ ಅದರ ಕೆಲಸ: ಎರಡೇ ಹನಿ, ತಾನು ಎದ್ದು ಕಾಣದೆ ಉಳಿದೆಲ್ಲವನ್ನೂ ಒಂದುಗೂಡಿಸುತ್ತದೆ.

ಹುಳಿ ಸಿಹಿಯ ಅಳತೆಯಲ್ಲೂ ತಂಪು ಕೈಯಾಡಿಸುತ್ತದೆ. ರಮ್, ನಿಂಬೆರಸ, ಸಕ್ಕರೆ ಪಾಕ ಸೇರುವ ಡೈಕಿರಿಗೆ 60, 22.5, 22.5 ಮಿಲಿಲೀಟರ್ ಎಂಬುದು ರೂಢಿಯ ಅಳತೆ. ತಣ್ಣಗಾದಷ್ಟೂ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಹಾಗಾಗಿ ಕೋಣೆಯ ಶಾಖದಲ್ಲಿ ಸರಿಯೆನಿಸುವ ಪಾಕ ಬರ್ಫ ಬಿದ್ದ ಮೇಲೆ ಸಪ್ಪೆ. ನಮ್ಮ ಇಂಡಿ ಸೀಮೆಯ ತೆಳು ಸಿಪ್ಪೆಯ ಕಾಗಜಿ ನಿಂಬೆಗೂ ಪುಸ್ತಕಗಳಲ್ಲಿ ಹೇಳುವ ದಪ್ಪ ಹಳದಿ ನಿಂಬೆಗೂ ಸ್ವಭಾವ ಬೇರೆ. ಹಣ್ಣನ್ನು ರುಚಿ ನೋಡದೆ ಅಳತೆ ಹಿಡಿದು ಕೂರುವವರು ಒಳ್ಳೆಯ ಶರಬತ್ತನ್ನೂ ಮಾಡಲಾರರು.

ನೀರಿನ ಬಗ್ಗೆ ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಬಿಡಬಾರದು. ನೀರು ಉರಿಯನ್ನು ತಗ್ಗಿಸುತ್ತದೆ, ಆಲ್ಕೊಹಾಲಿನ ಮೊತ್ತವನ್ನು ಅಲ್ಲ. ನಮ್ಮಲ್ಲಿ ಮಾರುವ ಬಹುಪಾಲು ವಿಸ್ಕಿ, ರಮ್ ಶೇ 42.8ರವು. 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಅದು ಒರಟು ಗ್ಲಾಸಿನಲ್ಲಿ ಬಂದರೂ ಅಷ್ಟೇ, ನಿಂಬೆ ಜೇನಿನ ಮರೆಯಲ್ಲಿ ಬಂದರೂ ಅಷ್ಟೇ. ಚೆನ್ನಾಗಿ ಮಾಡಿದ ಕಾಕ್‌ಟೇಲ್ ಸಲೀಸಾಗಿ ಇಳಿಯುವುದರಿಂದ ಎಷ್ಟು ಕುಡಿದೆವೆಂಬುದು ತಿಳಿಯದೆ ಹೋಗುತ್ತದೆ. ಎಣಿಕೆಯನ್ನು ನಾಲಗೆಗೆ ಬಿಡಬಾರದು.

ಇನ್ನು ನಮ್ಮೂರಿನ ಲೆಕ್ಕ. ಅದೇ ಮ್ಯಾನ್‌ಹಟನ್ ಅನ್ನು ಮೇ ತಿಂಗಳಲ್ಲಿ ಕಲಬುರಗಿಯ ಮನೆಯೊಂದರಲ್ಲಿ, ಬಾಟಲಿ 40 ಡಿಗ್ರಿಯಲ್ಲಿರುವಾಗ ಮಾಡಿದರೆ ಏನಾಗುತ್ತದೆ? ಮೈನಸ್ 5ಕ್ಕೆ ಇಳಿಸಲು 35ರ ಬದಲು ಸುಮಾರು 53 ಗ್ರಾಂ ಬರ್ಫ ಕರಗಬೇಕು. ಒಟ್ಟು 143 ಮಿಲಿಲೀಟರ್, ಮದ್ಯದ ಗಾಢತೆ ಶೇ 24ರ ಬದಲು 21. ಅದೇ ಕೈ, ಅದೇ ಬಾಟಲಿ, ಅದೇ ಅಳತೆ, ಆದರೂ ಪಾನೀಯ ನೀರುನೀರು. ನಮ್ಮ ಕಡೆಯವರಿಗೆ ಕೈಯಿಲ್ಲ ಎಂದು ಯಾರಾದರೂ ಹಗುರವಾಗಿ ಮಾತನಾಡಿದರೆ ಈ 18 ಗ್ರಾಮನ್ನು ಅವರ ಮುಂದಿಡಬೇಕು. ಪರಿಹಾರವೂ ಲೆಕ್ಕದಲ್ಲೇ ಇದೆ: ಬಾಟಲಿ, ಗ್ಲಾಸು, ಶೇಕರ್ ಮೂರನ್ನೂ ಮೊದಲೇ ಫ್ರಿಜ್ಜಿನಲ್ಲಿಡಬೇಕು. ಬಂಡಿಯವರು ಶರಬತ್ತಿನ ಪಾಕದ ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡುವುದು ಇದೇ ಉಪಾಯ.

ಅಕ್ಕನ ಮಗ ಬೆಂಗಳೂರಿಗೆ ಮರಳಿದ ಮೇಲೆ ನಾನು ತಿಳಿ ಬರ್ಫ ಕಟ್ಟಲು ಕೂತೆ. ಔಷಧಿ ಅಂಗಡಿಯಿಂದ ಮುಚ್ಚಳವಿಲ್ಲದ ಸಣ್ಣ ಥರ್ಮಾಕೋಲ್ ಪೆಟ್ಟಿಗೆ ತಂದು, ಅದರೊಳಗೆ ಸರಿಯಾಗಿ ಕೂರುವ ಸ್ಟೀಲ್ ಡಬ್ಬಿಯಿಟ್ಟು, ಶುದ್ಧೀಕರಿಸಿದ ನೀರು ತುಂಬಿ, ಡಬ್ಬಿಯ ಬಾಯಿ ತೆರೆದೇ ಫ್ರೀಜರಿನಲ್ಲಿಟ್ಟೆ. ಪೂರ್ತಿ ಹೆಪ್ಪುಗಟ್ಟಲು ಬಿಡಬಾರದು. ಹದಿನೆಂಟು, ಇಪ್ಪತ್ತು ಗಂಟೆಯ ನಂತರ ತಳದಲ್ಲಿ ಇನ್ನೂ ಒಂದಿಷ್ಟು ನೀರಿರುವಾಗಲೇ ತೆಗೆಯಬೇಕು. ಲವಣವೂ ಗಾಳಿಯೂ ಸೇರಿಕೊಂಡಿರುವ ಆ ನೀರನ್ನು ಚೆಲ್ಲಬೇಕು. ಕೂಡಲೇ ಕುಯ್ದರೆ ಬರ್ಫ ಬಿರಿಯುತ್ತದೆ. ಮೇಲಿನ ಬಿಳಿ ಹಿಮ ಕರಗಿ ಒಳಗೆಲ್ಲ ಕಾಣುವವರೆಗೆ ಕಾಯಬೇಕು. ಬೆಂಗಳೂರಿನಲ್ಲಿ ಅದಕ್ಕೆ ಕಾಲು ಗಂಟೆ ಹಿಡಿಯುತ್ತದೆಂದು ಹುಡುಗ ಹೇಳಿದ್ದ, ನಮ್ಮ ಪಡಸಾಲೆಯಲ್ಲಿ ಏಳು ನಿಮಿಷ ಸಾಕಾಯಿತು. ಹಲ್ಲಿನ ಚಾಕುವಿನಿಂದ ಗೆರೆ ಎಳೆದು ಬೆನ್ನಿಗೆ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಡ್ಡೆ ನೇರವಾಗಿ ಸೀಳಿತು.

ಮೊದಲ ಘನವನ್ನು ನಿಂಬೆ ಶರಬತ್ತಿನ ಗ್ಲಾಸಿಗೆ ಹಾಕಿ ಅಕ್ಕನ ಕೈಗೆ ಕೊಟ್ಟೆ. ಅವಳು ಗ್ಲಾಸನ್ನು ಬೆಳಕಿಗೆ ಹಿಡಿದು, ಒಳಗೆ ಬರ್ಫ ಇರುವುದೇ ಕಾಣುತ್ತಿಲ್ಲವಲ್ಲ ಎಂದು ಬೆರಳಿನಿಂದ ಮುಟ್ಟಿ ನೋಡಿದಳು.